ಅಂಗಡಿ ಕಟ್ಟೆ: ಕೆಲಸಕ್ಕೆ ಜನ ಹುಡುಕೋಕೆ ಎಷ್ಟು ಖರ್ಚು ಮಾಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗೋಳು. ಕೆಲಸಕ್ಕೆ ಜನ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ, ಹುಡುಕಿಕೊಡುತ್ತೇವೆ ಅನ್ನುವವರು ಕೇಳುವ ದುಡ್ಡು ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಜಿಎಸ್‌ಟಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ಒಂದು ಮಾತು: ನಾನು ದಾವಣಗೆರೆಯಲ್ಲಿ ಅಂಗಡಿ, ಹೋಟೆಲು, ಸಣ್ಣ ವರ್ಕ್‌ಶಾಪುಗಳ ಲೆಕ್ಕ ಬರೆಯುವವನು. ಯಾರ ಹತ್ತಿರ ಜನ ನಿಲ್ಲುತ್ತಾರೆ, ಯಾರ ಹತ್ತಿರ ನಿಲ್ಲುವುದಿಲ್ಲ ಅನ್ನುವುದು ಸಂಬಳದ ಪುಸ್ತಕ ತಿರುವಿದರೆ ಗೊತ್ತಾಗುತ್ತದೆ. ಕೆಳಗಿನ ಉತ್ತರಗಳೆಲ್ಲ ಅಂಥ ಪುಸ್ತಕಗಳನ್ನು ನೋಡಿ ನೋಡಿ ಬಂದವು.

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು ಸಣ್ಣ ಬೇಕರಿ. ಯಜಮಾನರು ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಒಟ್ಟು ಏಳು ಜನ ಕೆಲಸದವರು. ಕೌಂಟರಿನಲ್ಲಿದ್ದ ಹುಡುಗ ಮತ್ತು ಓವನ್ ಮೇಸ್ತ್ರಿ ಇಬ್ಬರೂ ಒಂದೇ ತಿಂಗಳಲ್ಲಿ ಬಿಟ್ಟರು. ಕೌಂಟರಿಗೆ 15,000, ಮೇಸ್ತ್ರಿಗೆ 24,000 ಕೊಡುತ್ತಿದ್ದೆ. ಅಂಗಡಿ ಬಾಗಿಲಿಗೆ ಬೋರ್ಡ್ ಹಾಕಿದ್ದೇನೆ. ಏಜೆನ್ಸಿಯವರು ಒಬ್ಬೊಬ್ಬರಿಗೆ ಒಂದು ತಿಂಗಳ ಸಂಬಳ ಕೇಳುತ್ತಾರೆ. ಪೇಪರಿಗೆ ಕೊಡಲಾ, ಆ್ಯಪ್‌ನಲ್ಲಿ ಹಾಕಲಾ, ಏಜೆನ್ಸಿಗೇ ಒಪ್ಪಿಸಲಾ? ಕಡಿಮೆ ಖರ್ಚಿನದು ಯಾವುದು?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ದುಡ್ಡಿಲ್ಲದ ಕೆಲಸ ಒಂದಿದೆ, ತಾಯಿ. ಬಿಟ್ಟು ಹೋದ ಇಬ್ಬರಿಗೂ ಫೋನ್ ಮಾಡಿ. ಜಗಳಕ್ಕಲ್ಲ, ವಾಪಸ್ ಕರೆಯುವುದಕ್ಕೂ ಅಲ್ಲ. "ಯಾಕಪ್ಪ ಬಿಟ್ಟೆ, ನಿಜ ಹೇಳು, ನನಗೇನೂ ಬೇಜಾರಿಲ್ಲ" ಅಂತ ಕೇಳಿ. ಒಂದೇ ತಿಂಗಳಲ್ಲಿ ಇಬ್ಬರು ಹೋಗಿದ್ದಾರೆ ಅಂದರೆ ಇಬ್ಬರಿಗೂ ಒಂದೇ ಕಾರಣ ಇದ್ದಿರಬಹುದು. ಸಂಬಳ ತಡವಾಯಿತೋ, ವಾರದ ರಜೆ ತಪ್ಪಿತೋ, ನಿಮ್ಮ ಮನೆಯವರು ಯಾರಾದರೂ ಗಿರಾಕಿಗಳ ಎದುರು ಬೈದರೋ. ಅದನ್ನು ತಿಳಿದುಕೊಳ್ಳದೆ ಏಜೆನ್ಸಿಗೆ 39,000 ಕೊಟ್ಟರೆ, ಹೊಸಬರೂ ಅದೇ ಕಾರಣಕ್ಕೆ ಹೋಗುತ್ತಾರೆ. ಇನ್ನೊಂದು 39,000 ರೆಡಿ ಮಾಡಿಟ್ಟುಕೊಳ್ಳಬೇಕಾಗುತ್ತದೆ.

ಇನ್ನು ಹುಡುಕಾಟ. ಎರಡು ಕೆಲಸಕ್ಕೂ ಒಂದೇ ದಾರಿ ಹಿಡಿಯಬೇಡಿ. ಕೌಂಟರಿನದು ಬೇರೆ, ಓವನ್ನಿನದು ಬೇರೆ.

ಓವನ್ ಮೇಸ್ತ್ರಿಗಳು ಪೇಪರ್ ಜಾಹೀರಾತು ನೋಡಿ ಬರುವವರಲ್ಲ. ಅವರದ್ದೇ ಒಂದು ಬಳಗ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ನೋಡಿ. ಹಾಸನದ ಕಡೆಯಿಂದ ಒಬ್ಬ ಹೋದ, ತಮ್ಮನನ್ನು ಕರೆಸಿಕೊಂಡ, ತಮ್ಮ ಊರಿನ ಇನ್ನೊಬ್ಬನನ್ನು ಕರೆಸಿಕೊಂಡ. ಬೀದಿಗೊಂದು ಬೇಕರಿ ಆಗಿದ್ದು ಹೀಗೆ. ಈ ಬಳಗದ ಸುದ್ದಿ ನಿಮಗೆ ಯಾರ ಹತ್ತಿರ ಸಿಗುತ್ತದೆ ಗೊತ್ತಾ? ನಿಮಗೆ ಮೈದಾ, ಈಸ್ಟು, ಡಾಲ್ಡಾ ಹಾಕುವ ಲೈನ್ ಸೇಲ್ಸ್‌ಮನ್ ಹತ್ತಿರ. ದಿನಕ್ಕೆ ಎಷ್ಟೋ ಬೇಕರಿಗಳ ಹಿಂಬಾಗಿಲಲ್ಲಿ ನಿಂತು ಆರ್ಡರ್ ಬರೆದುಕೊಳ್ಳುವವನು ಅವನು. ಯಾವ ಮೇಸ್ತ್ರಿಗೆ ಮಾಲೀಕರ ಜೊತೆ ಸರಿಯಿಲ್ಲ, ಯಾರ ಬೇಕರಿ ಮುಚ್ಚುತ್ತಿದೆ, ಬೆಂಗಳೂರಿನಲ್ಲಿದ್ದವನು ಯಾರು ಊರ ಹತ್ತಿರ ಬರಬೇಕು ಅಂತಿದ್ದಾನೆ, ಎಲ್ಲ ಅವನ ಬಾಯಲ್ಲಿರುತ್ತದೆ. ಓವನ್ ರಿಪೇರಿ ಮಾಡುವವನೂ ಅಷ್ಟೇ. ಇಬ್ಬರಿಗೂ ಒಂದು ಟೀ, ಒಂದು ಪಫ್ ಕೊಟ್ಟು ವಿಷಯ ಹೇಳಿ. ಆದರೆ ಪಕ್ಕದ ಬೀದಿಯ ಬೇಕರಿಯಿಂದ ಎಳೆದುಕೊಳ್ಳುವ ಕೆಲಸ ಬೇಡ. ಮುಂದಿನ ತಿಂಗಳು ಅವರು ನಿಮ್ಮವರನ್ನು ಎಳೆಯುತ್ತಾರೆ. ಸುಮ್ನೆ ಇಬ್ಬರಿಗೂ ಸಂಬಳದ ಬಿಲ್ ಏರುತ್ತದೆ, ಅಷ್ಟೇ.

ಯಾರಾದರೂ ಬಂದರೆ ಮಾತಿನಲ್ಲಿ ಪರೀಕ್ಷೆ ಮಾಡಬೇಡಿ. ಒಂದು ದಿನದ ಕೂಲಿ ಕೊಟ್ಟು ಟ್ರಯಲ್ ಇಡಿ. ಬ್ರೆಡ್ಡು, ಬನ್ನು, ಒಂದು ದಿಲ್‌ಪಸಂದ್ ಮಾಡಿಸಿ. ರುಚಿ ಹೇಗೂ ನೋಡುತ್ತೀರಿ. ಅದರ ಜೊತೆ, ಹಿಟ್ಟು ಉಬ್ಬಲಿಕ್ಕೆ ಬಿಟ್ಟ ಸಮಯದಲ್ಲಿ ಅವನು ಏನು ಮಾಡುತ್ತಾನೆ ನೋಡಿ. ಮೊಬೈಲ್ ಹಿಡಿದು ಮೂಲೆಗೆ ಹೋಗುತ್ತಾನಾ, ಇಲ್ಲ ಟ್ರೇ ಒರೆಸಿ ಎಣ್ಣೆ ಸವರಿ ಜೋಡಿಸುತ್ತಾನಾ? ಸಕ್ಕರೆ ತೂಕ ಮಾಡಿ ಹಾಕುತ್ತಾನಾ, ಕೈ ಅಂದಾಜಿನಲ್ಲಿ ಸುರಿಯುತ್ತಾನಾ? ಕೈ ಅಂದಾಜಿನ ಮೇಸ್ತ್ರಿ ಎಷ್ಟೇ ಚೆನ್ನಾಗಿ ಮಾಡಿದರೂ ಅವನು ಹೋದ ದಿನ ನಿಮ್ಮ ಬನ್ನಿನ ರುಚಿಯೂ ಹೋಗುತ್ತದೆ. ತೂಕ ಮಾಡುವವನ ಹತ್ತಿರ ಅಳತೆ ಬರೆಸಿ ಇಟ್ಟುಕೊಳ್ಳಬಹುದು.

ನಿಮ್ಮ ಪತ್ರದಲ್ಲಿ ಒಂದು ಮಾತು ಬರಲೇ ಇಲ್ಲ. ಹೋದ ಮೇಸ್ತ್ರಿಯ ಪಕ್ಕದಲ್ಲಿ ಇಷ್ಟು ದಿನ ಹಿಟ್ಟು ಕಲೆಸುತ್ತಿದ್ದ ಹೆಲ್ಪರ್ ಎಲ್ಲಿದ್ದಾನೆ? ಅವನು ಇನ್ನೂ ನಿಮ್ಮಲ್ಲೇ ಇದ್ದರೆ ಅವನಿಗೇ ಮೊದಲು ಕೇಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರ ಬೇಕರಿ ತರಬೇತಿ ಕೇಂದ್ರವಿದೆ. ಅಲ್ಲಿಗೆ ಕಳಿಸಿ, ಫೀಸು ನೀವೇ ಕಟ್ಟಿ, ವಾಪಸ್ ಬಂದ ಮೇಲೆ ಸಂಬಳ ಏರಿಸಿ. ಹೊರಗಿನಿಂದ ಹೆಲ್ಪರ್ ಹುಡುಕುವುದು ಮೇಸ್ತ್ರಿ ಹುಡುಕುವುದಕ್ಕಿಂತ ಎಷ್ಟೋ ಸುಲಭ ಮತ್ತು ಅಗ್ಗ.

ಈಗ ಕೌಂಟರ್. ನಿಮ್ಮ ಅಂಗಡಿ ಬಾಗಿಲಿಗೆ ಬೋರ್ಡ್ ಹಾಕಿದ್ದೀರಿ ಅಂತ ಬರೆದಿದ್ದೀರಿ. ಅದರಲ್ಲಿ ಇರುವುದು "ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ, ಆಕರ್ಷಕ ಸಂಬಳ" ಅಂತ. ಆಕರ್ಷಕ ಅಂದರೆ ಎಷ್ಟು? ಓದಿದವರಿಗೆ ಗೊತ್ತಾಗುವುದಿಲ್ಲ, ಕಡಿಮೆ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ. ಇದನ್ನು ತೆಗೆದು ಹೀಗೆ ಬರೆಸಿ:

"ಕೌಂಟರ್ ಕೆಲಸ. ಬೆಳಿಗ್ಗೆ 9ರಿಂದ ಸಂಜೆ 6, ಮಧ್ಯೆ ಒಂದು ಗಂಟೆ ಊಟ, ಊಟ ನಮ್ಮದು. ಮಂಗಳವಾರ ರಜೆ. ಸಂಬಳ 15,000, ಪ್ರತಿ ತಿಂಗಳು 5ನೇ ತಾರೀಕು. ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು, ಬಿಲ್ ಮೆಷಿನ್ ನಾವು ಕಲಿಸುತ್ತೇವೆ. ಹೆಣ್ಣುಮಕ್ಕಳೂ ಬರಬಹುದು. ಮಧ್ಯಾಹ್ನ 2ರಿಂದ 4ರೊಳಗೆ ಒಳಗೆ ಬಂದು ಕೇಳಿ."

2ರಿಂದ 4 ಯಾಕೆ ಅಂದರೆ, ಸಂಜೆ ಗಿರಾಕಿಗಳ ರಶ್ಶಿನಲ್ಲಿ ಕೆಲಸ ಕೇಳಲು ಬಂದವರಿಗೆ "ಆಮೇಲೆ ಬಾ" ಅನ್ನುತ್ತೀರಿ. ಅವರು ಆಮೇಲೆ ಬರುವುದಿಲ್ಲ. ಸಂಬಳ ಬರೆಯುವ ಮುಂಚೆ ನಿಮ್ಮ ವಲಯದ ಕನಿಷ್ಠ ವೇತನ ಎಷ್ಟಿದೆ ನೋಡಿಕೊಳ್ಳಿ. ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಏರುತ್ತದೆ. ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯುವುದಿಲ್ಲ.

ಹೆಣ್ಣುಮಕ್ಕಳು ಅಂತ ಸೇರಿಸಿದ್ದು ಸುಮ್ಮನೆ ಅಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಮೊದಲು ಸುತ್ತಲಿನ ಹಳ್ಳಿಯಿಂದ ಬರುವವರಿಗೆ ಸಂಬಳದಲ್ಲಿ ಒಂದು ಪಾಲು ಬಸ್ ಚಾರ್ಜಿಗೇ ಹೋಗುತ್ತಿತ್ತು. ಈಗ ಗುಬ್ಬಿ, ಕೊರಟಗೆರೆ ಕಡೆಯಿಂದಲೂ ಬರಬಹುದು. ಬಸ್ ಸ್ಟ್ಯಾಂಡಿಗೆ ಹೋಗಿ ಆ ಕಡೆಯ ಬಸ್ಸಿನ ಟೈಮು ಬರೆದುಕೊಂಡು ಬನ್ನಿ. ಸಂಜೆ ಬಸ್ 6.15ಕ್ಕೆ ಇದ್ದರೆ 5.45ಕ್ಕೆ ಬಿಡಿ, ಬೆಳಿಗ್ಗೆ ಹದಿನೈದು ನಿಮಿಷ ಬೇಗ ಕರೆಸಿ. ಹಳ್ಳಿಗಳ ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟದಂಥ ಮಹಿಳಾ ಸ್ವಸಹಾಯ ಗುಂಪಿನವರಿಗೆ ವಿಷಯ ಮುಟ್ಟಿಸಿ. ಅವರ ವಾರದ ಸಭೆಯಲ್ಲಿ ಒಬ್ಬರು ಹೇಳಿದರೆ ಸಾಕು. ನಮ್ಮೂರಿನ ಒಂದು ಬಟ್ಟೆ ಅಂಗಡಿ ಬಸ್ ಟೈಮಿಗೆ ತಕ್ಕಂತೆ ಪಾಳಿ ಬದಲಿಸಿಕೊಂಡಿತು, ಆಮೇಲೆ ಅವರ ಸಂಬಳದ ಪುಸ್ತಕದಲ್ಲಿ ಹೆಸರು ಹೊಡೆದುಹಾಕುವ ಕೆಲಸವೇ ನನಗೆ ಕಡಿಮೆಯಾಯಿತು.

ಉಳಿದ ಐದು ಜನಕ್ಕೂ ಹೇಳಿ: ಯಾರನ್ನಾದರೂ ಕರೆತಂದರೆ, ಬಂದವರು ಒಂದು ತಿಂಗಳು ನಿಂತರೆ 1,000, ಮೂರು ತಿಂಗಳು ನಿಂತರೆ ಇನ್ನೂ 2,000. ಬಂದ ದಿನವೇ ಪೂರ್ತಿ ಕೊಡಬೇಡಿ. ಕರೆತಂದವರೇ ಹೊಸಬರಿಗೆ ಕೆಲಸ ಕಲಿಸುತ್ತಾರೆ, ಬೆಳಿಗ್ಗೆ ಬರಲಿಲ್ಲ ಅಂದರೆ ಅವರೇ ಫೋನ್ ಮಾಡಿ ಎಬ್ಬಿಸುತ್ತಾರೆ. ಏಜೆನ್ಸಿಯ 15,000 ಎಲ್ಲಿ, ಈ 3,000 ಎಲ್ಲಿ. ಅದೂ ಮನುಷ್ಯ ನಿಂತರೆ ಮಾತ್ರ.

ಏಜೆನ್ಸಿ ಬೇಡವೇ ಬೇಡ ಅಂತಲ್ಲ. ಇವೆಲ್ಲ ಮಾಡಿಯೂ ಮೇಸ್ತ್ರಿ ಸಿಗದಿದ್ದರೆ ಹೋಗಿ. ಆದರೆ ಅರ್ಧ ದುಡ್ಡು ಮೇಸ್ತ್ರಿ ಕೆಲಸಕ್ಕೆ ಸೇರಿದ ಮೇಲೆ, ಉಳಿದರ್ಧ ಮೂರು ತಿಂಗಳಾದ ಮೇಲೆ ಅಂತ ಹೇಳಿ. ಮಧ್ಯೆ ಬಿಟ್ಟರೆ ಬೇರೆಯವರನ್ನು ಪುಕ್ಕಟೆ ಕೊಡಬೇಕು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಕೆಲಸಕ್ಕೆ ಬರುವವನ ಕೈಯಿಂದಲೂ ದುಡ್ಡು ಕೀಳುವ ಏಜೆನ್ಸಿಯ ಸಹವಾಸ ಬೇಡ. ಪೇಪರ್ ಕ್ಲಾಸಿಫೈಡ್ ಡ್ರೈವರ್, ಸೆಕ್ಯೂರಿಟಿ, ಅಕೌಂಟೆಂಟ್ ಥರದವರಿಗೆ ಈಗಲೂ ನಡೆಯುತ್ತದೆ, ನಿಮಗೆ ಬೇಡ. ಆ್ಯಪ್ ವಿಷಯ ಕೆಳಗೆ ಹುಬ್ಬಳ್ಳಿಯವರ ಪ್ರಶ್ನೆಯಲ್ಲಿ ಹೇಳಿದ್ದೇನೆ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ ಮತ್ತು ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಎರಡಕ್ಕೂ ಮಾಲೀಕರು ದುಡ್ಡು ಕಟ್ಟಬೇಕಿಲ್ಲ. ಹೆಸರು ಹಾಕಿಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಹೊಸಬರಿಗೆ ನೇಮಕಾತಿ ಪತ್ರ ಕೊಡಿ. ಏಳು ಜನರ ಅಂಗಡಿಗೆ ಎಂಥಾ ಪತ್ರ ಅನ್ನಬೇಡಿ, ಕಾನೂನು ಕೇಳುತ್ತದೆ. ಒಂದೇ ಪುಟ ಸಾಕು. ಮತ್ತೆ, ಹೊಸ ಹುಡುಗನಿಗೆ ಹಳಬರಿಗಿಂತ ಜಾಸ್ತಿ ಸಂಬಳ ಕೊಟ್ಟು ಗುಟ್ಟಾಗಿಡುತ್ತೇನೆ ಅಂದುಕೊಳ್ಳಬೇಡಿ. ಮೊದಲ ಸಂಬಳದ ದಿನವೇ ಎಲ್ಲರಿಗೂ ಗೊತ್ತಾಗಿರುತ್ತದೆ.

ಪ್ರಶ್ನೆ: ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. 14 ಜನ ಇದ್ದಾರೆ, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಟ್ಟುತ್ತಿದ್ದೇವೆ. ಅನುಭವ ಇರುವ ವೆಲ್ಡರ್‌ಗಳೆಲ್ಲ ಬೆಂಗಳೂರಿಗೆ ಹೋಗುತ್ತಾರೆ. ಅಪ್ರೆಂಟಿಸ್ (ಕೆಲಸ ಕಲಿಯುವ ಹುಡುಗರು) ತೆಗೆದುಕೊಂಡರೆ ಅಗ್ಗ ಅಂತಾರೆ, ನಿಜವಾ?

ಉತ್ತರ: ಅಗ್ಗ ಹೌದು, ಆದರೆ ಅಗ್ಗದ ಕೂಲಿ ಅಂತ ತೆಗೆದುಕೊಂಡರೆ ಕೆಡುತ್ತದೆ. ಅಪ್ರೆಂಟಿಸ್ ಕಾಯ್ದೆ 1961ರದು. ನಾಲ್ಕು ಜನಕ್ಕಿಂತ ಕಡಿಮೆ ಇಲ್ಲದ ಯಾವ ಘಟಕವೂ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು, 30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಇಟ್ಟುಕೊಳ್ಳಲೇಬೇಕು. ಒಟ್ಟು ಜನರಲ್ಲಿ ಶೇ. 15ರವರೆಗೆ ಮಿತಿ, ಅಂದರೆ ನಿಮಗೆ ಇಬ್ಬರು. ಕೇಂದ್ರದ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ 2016ರಲ್ಲಿ ಶುರುವಾಯಿತು. ಅದರಲ್ಲಿ ಸ್ಟೈಪೆಂಡಿನ (ಕಲಿಯುವಾಗ ಕೊಡುವ ಭತ್ಯೆಯ) ಕಾಲು ಭಾಗ, ತಿಂಗಳಿಗೆ ಗರಿಷ್ಠ 1,500 ರೂಪಾಯಿ ಸರ್ಕಾರದ್ದು, ಅದು ನೇರ ಹುಡುಗನ ಖಾತೆಗೆ ಹೋಗುತ್ತದೆ. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲೇ ಆಗಬೇಕು. ಅವರಿಗೆ ಪಿಎಫ್, ಇಎಸ್‌ಐ ಕಟ್ಟಬೇಕಿಲ್ಲ, ಆದರೆ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ನಿಮ್ಮದೇ. ಹೆಲ್ಮೆಟ್ಟು, ಗ್ಲೌಸು, ಕಣ್ಣಿನ ಗ್ಲಾಸು ಮೊದಲ ದಿನವೇ ಕೊಡಿ.

ಹುಡುಕುವ ರೀತಿ ಹೇಳುತ್ತೇನೆ. ಪೋರ್ಟಲ್ ತೆರೆದು ಕೂರುವ ಮುಂಚೆ ಹತ್ತಿರದ ಐಟಿಐಗೆ ಒಂದು ಸಲ ಹೋಗಿ. ಪ್ರಿನ್ಸಿಪಾಲರಿಗೆ ನಮಸ್ಕಾರ ಹೇಳಿ ಸೀದಾ ವೆಲ್ಡರ್ ಟ್ರೇಡಿನ ಜೆಟಿಒ, ಅಂದರೆ ಕೆಲಸ ಕಲಿಸುವ ಮೇಷ್ಟ್ರ ಹತ್ತಿರ ಹೋಗಿ. ಯಾವ ಹುಡುಗನ ಕೈ ಕೂತಿದೆ, ಯಾರು ಊರು ಬಿಟ್ಟು ಹೋಗುವವನಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ವೆಲ್ಡರ್ ಕೋರ್ಸು ಒಂದೇ ವರ್ಷ, ಫಿಟ್ಟರ್ ಎರಡು ವರ್ಷ. ಪರೀಕ್ಷೆ ಮುಗಿಯುವ ಮುಂಚೆ ಹೋದರೆ ಹುಡುಗರು ಇನ್ನೂ ಅಲ್ಲೇ ಇರುತ್ತಾರೆ. ಆಮೇಲೆ ದೊಡ್ಡ ಕಂಪನಿಯವರು ಬಸ್ ತಂದು ತುಂಬಿಕೊಂಡು ಹೋಗುತ್ತಾರೆ. ವರ್ಕ್‌ಶಾಪಿನಲ್ಲಿ ಬೀಳುವ ಕಟಿಂಗ್ ಪೀಸುಗಳನ್ನು ಪ್ರಾಕ್ಟೀಸಿಗೆ ಅಂತ ಐಟಿಐಗೆ ಕೊಡಿ. ನಿಮಗೆ ಗುಜರಿ, ಅವರಿಗೆ ಬೇಕಾದ ಸಾಮಾನು. ಜೆಟಿಒ ನಿಮ್ಮ ಹೆಸರು ಮರೆಯುವುದಿಲ್ಲ.

ಆರಿಸುವಾಗ ಎರಡು ಎಂಎಸ್ (ಸಾಮಾನ್ಯ ಉಕ್ಕಿನ) ಪ್ಲೇಟ್ ಕೊಟ್ಟು ಒಂದು ಬಟ್ ಜಾಯಿಂಟ್, ಅಂದರೆ ಅಂಚಿಗೆ ಅಂಚು ಸೇರಿಸುವ ಬೆಸುಗೆ, ಮಾಡಿಸಿ. ನೀವು ಏನೂ ಹೇಳಬೇಡಿ. ತುಕ್ಕು ಉಜ್ಜಿಕೊಳ್ಳುತ್ತಾನಾ, ಟ್ಯಾಕ್ (ಮೊದಲ ಚಿಕ್ಕ ಬೆಸುಗೆ) ಹಾಕಿ ಲೈನು ನೋಡುತ್ತಾನಾ, ಮುಗಿದ ಮೇಲೆ ಸ್ಲ್ಯಾಗ್ (ಮೇಲೆ ಕೂತ ಕಿಟ್ಟ) ಕುಟ್ಟಿ ಬ್ರಶ್ ಹೊಡೆದು ತೋರಿಸುತ್ತಾನಾ ಅಥವಾ ಹಾಗೇ ಬಿಸಿಬಿಸಿ ತಂದು ಇಡುತ್ತಾನಾ ಅಂತ ಮಾತ್ರ ನೋಡಿ. ಬೀಡ್ (ಬೆಸುಗೆಯ ಗೆರೆ) ಸ್ವಲ್ಪ ಸೊಟ್ಟ ಇದ್ದರೂ ಪರವಾಗಿಲ್ಲ, ಅದು ನಿಮ್ಮಲ್ಲಿ ಸರಿಯಾಗುತ್ತದೆ.

ಒಂದು ವಿಷಯ ಹುಡುಗನಿಗೂ ಅವನ ಅಪ್ಪನಿಗೂ ಮೊದಲೇ ಹೇಳಿಬಿಡಿ: ಅಪ್ರೆಂಟಿಸ್ ಮುಗಿದ ಮೇಲೆ ಕೆಲಸ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಸಂಬಳ. ಕಾನೂನಿನಲ್ಲಿ ಕೊಡಲೇಬೇಕು ಅಂತಿಲ್ಲ. ಆದರೆ ಒಂದು ವರ್ಷ ಕಲಿಸಿ, ಕೊನೆಯ ದಿನ "ನೋಡೋಣ" ಅಂದರೆ ಹುಡುಗ ಬೆಂಗಳೂರು ಬಸ್ಸು ಹತ್ತುತ್ತಾನೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಸೀರೆ ಅಂಗಡಿ, 22 ಜನ ಇದ್ದಾರೆ. ಮೊಬೈಲ್ ಆ್ಯಪ್‌ನಲ್ಲಿ ಸೇಲ್ಸ್ ಕೆಲಸಕ್ಕೆ ಜಾಹೀರಾತು ಹಾಕಿದೆವು. ಫೋನ್ ಮೇಲೆ ಫೋನ್. ಬರುತ್ತೇನೆ ಅಂದವರಲ್ಲಿ ಒಬ್ಬರೂ ಬರಲಿಲ್ಲ. ದುಡ್ಡು ದಂಡ ಆಯಿತಾ?

ಉತ್ತರ: ಜಾಹೀರಾತು ಸರಿಯಾಗಿಯೇ ಕೆಲಸ ಮಾಡಿದೆ ಸಾರ್, ಫೋನ್ ಬಂದಿವೆಯಲ್ಲ. ಜಾರಿದ್ದು ಆಮೇಲೆ. ಆ್ಯಪ್‌ನಲ್ಲಿ ಹುಡುಕುವವರು ಒಂದೇ ದಿನ ಹತ್ತು ಕಡೆ ಬಟನ್ ಒತ್ತಿರುತ್ತಾರೆ. ಯಾರು ಮೊದಲು ಸರಿಯಾಗಿ ಮಾತಾಡುತ್ತಾರೋ ಅಲ್ಲಿಗೆ ಹೋಗುತ್ತಾರೆ. ಹಾಗಾಗಿ ಬಂದ ಫೋನ್ ಎತ್ತಲು ಒಬ್ಬರನ್ನು ಗೊತ್ತು ಮಾಡಿ, ಗಲ್ಲಾಪೆಟ್ಟಿಗೆಯಲ್ಲಿ ಕೂತವರನ್ನಲ್ಲ. ಎರಡೇ ಪ್ರಶ್ನೆ: ಮನೆ ಎಲ್ಲಿ, ಈಗ ಎಷ್ಟು ಸಂಬಳ ಇದೆ. ಮನೆ ಧಾರವಾಡದ ಆಚೆ ಇದ್ದು ಅಂಗಡಿ ರಾತ್ರಿ 9ಕ್ಕೆ ಮುಚ್ಚುವುದಾದರೆ ಅಲ್ಲೇ ಮಾತು ಮುಗಿಸಿ, ಇಬ್ಬರಿಗೂ ಒಳ್ಳೆಯದು. ಹೊಂದಿಕೆಯಾದವರಿಗೆ ತಕ್ಷಣ ವಾಟ್ಸ್ಆ್ಯಪ್‌ನಲ್ಲಿ ಅಂಗಡಿ ಲೊಕೇಶನ್, ನಾಳೆ ಎಷ್ಟು ಗಂಟೆಗೆ, ಯಾರನ್ನು ಕೇಳಬೇಕು ಅಂತ ಕಳಿಸಿ. ಬೆಳಿಗ್ಗೆ ಮತ್ತೊಂದು ಮೆಸೇಜ್. "ವಾರ ಬಿಟ್ಟು ಬನ್ನಿ" ಅಂದರೆ ಯಾರೂ ಬರುವುದಿಲ್ಲ.

ನಿಮ್ಮಲ್ಲಿ 20 ದಾಟಿದ್ದರಿಂದ ಪಿಎಫ್ ಇದ್ದೇ ಇದೆ. ಹಾಗಾಗಿ ನಿಮಗೊಂದು ಅನುಕೂಲ ಇದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ನಡೆಯುತ್ತದೆ. 50ಕ್ಕಿಂತ ಕಡಿಮೆ ಜನ ಇರುವ ಕಡೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು, ಅವರು ಆರು ತಿಂಗಳು ನಿಂತರೆ, ಮಾಲೀಕರಿಗೆ ಒಬ್ಬೊಬ್ಬರ ಲೆಕ್ಕದಲ್ಲಿ ತಿಂಗಳಿಗೆ 3,000ದವರೆಗೆ ಎರಡು ವರ್ಷ ಬರುತ್ತದೆ. 10,000ದಿಂದ 20,000ದ ಸಂಬಳಕ್ಕೆ ಅದು 2,000. ಮೊದಲ ಸಲ ಪಿಎಫ್‌ಗೆ ಸೇರುವ ಹುಡುಗ ಹುಡುಗಿಯರಿಗೂ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000, ಎರಡು ಕಂತಿನಲ್ಲಿ ಸಿಗುತ್ತದೆ. ಇದನ್ನು ಇಂಟರ್‌ವ್ಯೂನಲ್ಲಿ ಹೇಳಿ. ಪಿಎಫ್ ಅಂದರೆ ಸಂಬಳದಲ್ಲಿ ಕಡಿತ ಅಂತ ಮುಖ ಸಣ್ಣ ಮಾಡುವವರೂ ಕಿವಿ ಕೊಡುತ್ತಾರೆ. ಬಿಟ್ಟವರ ಜಾಗಕ್ಕೆ ಬಂದವರು ಹೆಚ್ಚುವರಿ ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ಪಿಎಫ್ ನೋಡುವವರ ಹತ್ತಿರ ಮೊದಲೇ ಕೂತು ಮಾತಾಡಿ.

ದೀಪಾವಳಿ ರಶ್ಶಿಗೆ ಮಾತ್ರ ಜನ ಬೇಕಾದರೆ ಆ್ಯಪ್ ಕೂಡ ಬೇಡ. ಹತ್ತಿರದ ಕಾಮರ್ಸ್ ಕಾಲೇಜಿನಲ್ಲಿ ಹೇಳಿ, ದಿನಗೂಲಿ ಲೆಕ್ಕದಲ್ಲಿ ಹುಡುಗಿಯರು ಬರುತ್ತಾರೆ. ಚುರುಕಾದವರ ನಂಬರ್ ಇಟ್ಟುಕೊಳ್ಳಿ, ಡಿಗ್ರಿ ಮುಗಿದ ಮೇಲೆ ಅವರೇ ನಿಮ್ಮ ಮೊದಲ ಪಟ್ಟಿ.

ಪ್ರಶ್ನೆ: ಉಡುಪಿ ಹತ್ತಿರ ಹೋಟೆಲ್ ಇದೆ. ಅಡುಗೆಯವರು 50,000 ಅಡ್ವಾನ್ಸ್ ಕೊಟ್ಟರೆ ಮಾತ್ರ ಬರುತ್ತೇವೆ ಅಂತಾರೆ. ಹೋದ ಸಲ ಒಬ್ಬ ಅಡ್ವಾನ್ಸ್ ತೆಗೆದುಕೊಂಡು ರಾತ್ರೋರಾತ್ರಿ ಹೋದ. ಈ ಸಲ ಆಧಾರ್, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಂಡರೆ ಹೇಗೆ?

ಉತ್ತರ: ಇಟ್ಟುಕೊಳ್ಳಬೇಡಿ. ಜೆರಾಕ್ಸ್ ತೆಗೆದುಕೊಂಡು ಒರಿಜಿನಲ್ ಅಲ್ಲೇ ವಾಪಸ್ ಕೊಡಿ. ಅಡ್ವಾನ್ಸ್ ತೀರುವವರೆಗೆ ಹೋಗಬಾರದು ಅಂತ ಒಬ್ಬ ಮನುಷ್ಯನನ್ನು ಕಟ್ಟಿಹಾಕಿದರೆ ಅದಕ್ಕೆ ಕಾನೂನಿನಲ್ಲಿ ಇರುವ ಹೆಸರು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ. ನೀವು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು, ಅಧಿಕಾರಿ ಬಂದಾಗ ಅದನ್ನು ಕೇಳುವುದಿಲ್ಲ.

ಅಡ್ವಾನ್ಸ್ ಕೊಡುವ ಬದಲು ಬರುವ ಬಸ್ಸು, ರೈಲಿನ ಟಿಕೆಟ್ ನೀವೇ ತೆಗೆಸಿ. ಇರಲು ಒಂದು ನೆಟ್ಟಗಿನ ರೂಮು ಕೊಡಿ, ಮಲಗಲು ಜಾಗ, ಫ್ಯಾನು, ಬೀಗ ಇರುವ ಕಪಾಟು. ಮೊದಲ ಎರಡು ತಿಂಗಳು ಸಂಬಳವನ್ನು ವಾರವಾರ ಕೊಡಿ. ಊರಿಗೆ ದುಡ್ಡು ಕಳಿಸುವ ಅವಸರ ಇರುವುದರಿಂದಲೇ ಅಡ್ವಾನ್ಸ್ ಕೇಳುತ್ತಾರೆ, ವಾರಕ್ಕೊಮ್ಮೆ ಕೈಗೆ ಬಂದರೆ ಆ ಅವಸರ ಅರ್ಧ ಇಳಿಯುತ್ತದೆ. ಕೊಡಲೇಬೇಕಾದರೆ ಹೋದರೆ ಹೋಗಲಿ ಅನ್ನುವಷ್ಟು ಮಾತ್ರ ಕೊಡಿ, ಖಾತೆಗೆ ಹಾಕಿ, ತಿಂಗಳಿಗೆ ಎಷ್ಟು ಮುರಿಯುತ್ತೀರಿ ಅಂತ ಬರೆದು ಇಬ್ಬರೂ ಸಹಿ ಮಾಡಿ. ಹಿಂದೆ ಕೆಲಸ ಮಾಡಿದ ಹೋಟೆಲಿಗೆ ಒಂದು ಫೋನ್ ಮಾಡಲು ಮರೆಯಬೇಡಿ. ಹೋಟೆಲಿನವರು ಈ ವಿಷಯದಲ್ಲಿ ಒಬ್ಬರಿಗೊಬ್ಬರು ಸುಳ್ಳು ಹೇಳುವುದು ಕಡಿಮೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಮೆಡಿಕಲ್ ಸ್ಟೋರ್ ಇದೆ. ಅಕ್ಕನ ಮಗ ಖಾಲಿ ಕೂತಿದ್ದಾನೆ, "ಸಂಬಳ ಎಷ್ಟಾದರೂ ಕೊಡು, ಇಟ್ಟುಕೋ" ಅಂತ ಅಕ್ಕನ ಒತ್ತಾಯ. ಖರ್ಚೂ ಕಡಿಮೆ ಅಲ್ವಾ?

ಉತ್ತರ: ಅಕ್ಕ "ಎಷ್ಟಾದರೂ" ಅಂದಿದ್ದಾರೆ, ಹುಡುಗ ಏನಂತಾನೆ? ಅವನನ್ನೇ ಕೇಳಿ, ಅಕ್ಕ ಇಲ್ಲದಾಗ. ಇಷ್ಟ ಇದ್ದರೆ ಬೇರೆಯವರಿಗೆ ಕೊಡುವಷ್ಟೇ ಸಂಬಳ, ಅದೇ ಟೈಮು, ಅದೇ ರಜೆ. ಔಷಧಿ ಕೊಡುವ ಕೆಲಸ ಫಾರ್ಮಸಿಸ್ಟ್ ನೋಡಿಕೊಳ್ಳಲಿ, ಇವನು ಸ್ಟಾಕು, ಬಿಲ್ಲು, ಎಕ್ಸ್‌ಪೈರಿ ಡೇಟು ನೋಡಲಿ. ಮೂರು ತಿಂಗಳಾದ ಮೇಲೆ ಮುಂದುವರಿಸುವ ಮಾತು ಅಂತ ಅಕ್ಕನಿಗೆ ಈಗಲೇ ಹೇಳಿಬಿಡಿ. ಅದೂ ಫೋನಿನಲ್ಲಿ ಬೇಡ, ಮನೆಗೆ ಹೋಗಿ ಭಾವನ ಎದುರಿಗೇ ಹೇಳಿ.